ಉಗ್ರಾಣ ಖಾಲಿಯಾಯಿತು: ನೆರವಾದ ಎಲ್ಲರಿಗೂ ಕೃತಜ್ಞತೆಗಳು

ಅಪ್ಪನ ರಂಗಪರಿಕರಗಳನ್ನೂ ಗೊಂಬೆಗಳನ್ನೂ ಮನೆಯಂಗಳದಲ್ಲಿ ಮಾರಾಟಕ್ಕಿಟ್ಟ ದಿನ ಬಂದವರಿಗೆ, ಅದಕ್ಕೂ ಮೊದಲು ಉಗ್ರಾಣದ ಧೂಳಿನಲ್ಲಿ ನಮ್ಮೊಡನೆ ದುಡಿದವರಿಗೆ ಈ ಬರಹದ ಮೂಲಕ ಕೃತಜ್ಞತೆ ಸಲ್ಲಿಸುತ್ತಿದ್ದೇನೆ. ಅಪ್ಪನ ಗೊಂಬೆಯಾಟದ ತಂಡವನ್ನು ಏಕೆ ನಿಲ್ಲಿಸಬೇಕಾಯಿತು, ಅವರ ಕೊನೆಯ ತಿಂಗಳುಗಳು ಹೇಗಿದ್ದವು ಎಂಬುದು ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಪೆಟ್ಟಿಗೆಗಳನ್ನು ಹೊತ್ತು ತಂದ ತಂಡದ ಹುಡುಗರು, ಮೇಜುಗಳನ್ನು ಕೊಟ್ಟ ನೆರೆಮನೆಯವರು, ಕಿರೀಟ, ಗದೆ, ಮುಖವಾಡಗಳನ್ನೆಲ್ಲ ಒರೆಸಿ ಬೆಲೆಚೀಟಿ ಅಂಟಿಸಿದ ಅತ್ತಿಗೆ, ಇವರೆಲ್ಲರಿಗೂ ನಾನು ಋಣಿ.

ಆದರೆ ಒಬ್ಬರ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸಲು ನನ್ನಿಂದಾಗದು. ತಂಡದ ಬೆಳಕಿನ ಹೊಣೆಯನ್ನು ಮೊದಲ ಪ್ರದರ್ಶನದಿಂದ ಕೊನೆಯದರವರೆಗೂ ಹೊತ್ತವರು, ಮನೆಯ ಮಕ್ಕಳಾದ ನಾವೆಲ್ಲ ಮಾಮ ಎಂದೇ ಕರೆಯುವವರು, ಮಾರಾಟದ ಹಿಂದಿನ ರಾತ್ರಿ ಬೆಳಗಾಗುವವರೆಗೂ ಉಗ್ರಾಣದ ನೆಲದ ಮೇಲೆ ಕುಳಿತಿದ್ದರು.

ಗೊಂಬೆಗಳ ದೊಡ್ಡ ಟ್ರಂಕನ್ನು ಮುಟ್ಟುವ ಧೈರ್ಯ ನನಗೆ ಅಂದಿನವರೆಗೂ ಬಂದಿರಲಿಲ್ಲ. ತೆರೆದು ನೋಡಿದರೆ ಸೂತ್ರದ ಗೊಂಬೆಗಳ ದಾರಗಳೆಲ್ಲ ಸಿಕ್ಕುಗಟ್ಟಿ ಒಂದೇ ಮುದ್ದೆಯಾಗಿದ್ದವು. ಕಾಗದವನ್ನು ಪದರಪದರವಾಗಿ ಅಂಟಿಸಿ ಮಾಡಿದ ತಲೆಗಳನ್ನು ಅಂಟಿನ ಆಸೆಗೆ ಹುಳುಗಳು ತಿಂದಿದ್ದವು. ಫೋಮಿನಲ್ಲಿ ಕೆತ್ತಿದ್ದ ಮುದುಕಿಯ ತಲೆಯನ್ನು ಎತ್ತಿಕೊಂಡ ಕೂಡಲೇ ಮೂಗು, ಗಲ್ಲ, ತುಟಿಗಳು ಪುಡಿಯಾಗಿ ನನ್ನ ಬೆರಳ ಸಂದಿನಿಂದ ಉದುರಿದವು. ಆ ಬಗೆಯ ಫೋಮು ಬೆಳಕು, ಗಾಳಿ, ತೇವಗಳಿಗೆ ವರ್ಷಗಳು ಕಳೆದಂತೆ ತಾನಾಗಿಯೇ ಶಿಥಿಲವಾಗುತ್ತದೆ ಎಂದು ತಿಳಿದಿದ್ದರೂ, ಅಪ್ಪ ಹೋದ ದಿನ ಬಾರದಿದ್ದ ಅಳು ಆಗ ಬಂತು. ಮಾರುವುದೂ ಬೇಡ, ನೋಡುವುದೂ ಬೇಡ, ಎಲ್ಲವನ್ನೂ ಕಸದ ಗಾಡಿಗೆ ಹಾಕಿಬಿಡೋಣ ಎಂದೆ. ಮಾಮ ಸಮಾಧಾನದ ಮಾತೊಂದನ್ನೂ ಆಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಈ ಹಿಡಿ ಎತ್ತಿ ಹಿಡ್ಕೋ ಮಗೂ, ದಾರ ನಾನು ಬಿಡಿಸ್ತೀನಿ" ಎಂದರು.

ಗೊಂಬೆಯ ದಾರಗಳನ್ನೆಲ್ಲ ಕಟ್ಟಿರುವ ಆ ಹಿಡಿಯನ್ನು ನಾನು ಎತ್ತಿ ಹಿಡಿದೆ. ಗೊಂಬೆಯ ಭಾರ ಹೊರುವ ಭುಜದ ದಾರಗಳನ್ನು ಮೊದಲು, ತಲೆಯವನ್ನು ಆಮೇಲೆ, ಕೈ ಮತ್ತು ಮೊಣಕಾಲಿನವನ್ನು ಕೊನೆಗೆ, ಒಂದನ್ನೂ ಕತ್ತರಿಸದೆ ಅವರು ಬಿಡಿಸುತ್ತ ಹೋದರು. ಗೊಂಬೆಯಾಡಿಸುವವರಲ್ಲದ ಅವರಿಗೆ ಒಂದೊಂದು ಮುಖವೂ ನೆನಪಿತ್ತು, ಏಕೆಂದರೆ ಅವೆಲ್ಲವನ್ನೂ ಸಭಾಂಗಣದ ಹಿಂಬದಿಯಿಂದ ಬೆಳಕಿನಲ್ಲಿ ನೋಡಿದವರು ಅವರೊಬ್ಬರೇ. ರಾಜಕುಮಾರಿಯ ಬಲಗೆನ್ನೆಯ ಬಣ್ಣ ಎಡಗೆನ್ನೆಗಿಂತ ತಿಳಿಯಾಗಿರುವುದು ಮಾಸಿದ್ದರಿಂದಲ್ಲ, ಆಗ ತಂಡದ ಬಳಿ ಇದ್ದ ಒಂದೇ ದೀಪ ಎಡಗಡೆಯಿಂದ ಬೀಳುತ್ತಿದ್ದುದರಿಂದ ನೆರಳಿನ ಬದಿ ಕಾಣಲೆಂದು ಅಪ್ಪ ಹಾಗೆ ಬಳಿದಿದ್ದರು ಎಂಬುದನ್ನು ನಾನು ಕೇಳಿದ್ದು ಆ ರಾತ್ರಿ, ಅವರ ಬಾಯಿಂದ. ಬೆಲೆಚೀಟಿಯ ಹಿಂಬದಿಯಲ್ಲಿ ಅದನ್ನು ಬರೆಯಲು ಹೇಳಿದರು. ಹಾಗೆಯೇ ಉಳಿದ ಗೊಂಬೆಗಳ ಚೀಟಿಗಳಲ್ಲೂ ಅವು ಏನಾಗಿದ್ದವು, ಹೇಗೆ ನಡೆಯುತ್ತಿದ್ದವು ಎಂಬುದನ್ನು ಅವರು ಹೇಳಿದಂತೆ ಬರೆದೆ. ಮರುದಿನ ಜನ ಬೆಲೆ ನೋಡಿದ ಮೇಲೆ ಚೀಟಿಯನ್ನು ತಿರುಗಿಸಿ ಓದುತ್ತಿದ್ದರು. ಅಪ್ಪನ ಗೊಂಬೆಗಳು ಹಳೆಯ ಸಾಮಾನುಗಳಾಗಿ ಹೋಗಲಿಲ್ಲ. ಮಾಮ, ಇದಕ್ಕೆ ನಿಮಗೆ ಏನು ಹೇಳಿದರೂ ಕಡಿಮೆಯೇ.

ಕೊಂಡು ಹೋದವರಿಗೂ ವಂದನೆಗಳು. ಸೂತ್ರದ ಗೊಂಬೆಗಳನ್ನು ಮಡಚಿಡದೆ, ಬಟ್ಟೆಯ ಚೀಲ ತೊಡಿಸಿ ತೂಗುಹಾಕಿ. ತೊಗಲಿನವನ್ನು ತೇವ ತಾಗದಂತೆ ಹಲಗೆಗಳ ನಡುವೆ ಚಪ್ಪಟೆಯಾಗಿಡಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ, ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮಕ್ಕಳ ಕೈಗೆ ದಯವಿಟ್ಟು ಕೊಡಬೇಡಿ. ದಾರ ಕಡಿದುಹೋದರೆ ತಂದುಕೊಡಿ, ಕಟ್ಟಿಕೊಡುತ್ತೇನೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಕಲಿತಿದ್ದೇನೆ.