ಹೋಟೆಲ್ ಬಾಗಿಲಲ್ಲೇ ಸ್ವಚ್ಛತೆಯ ಅಂಕ ಕಾಣಲಿ

ಮಾನ್ಯ ಸಂಪಾದಕರೇ,

ಶಿವಮೊಗ್ಗದಲ್ಲಿ ಸಣ್ಣದೊಂದು ತಿಂಡಿ ಹೋಟೆಲ್ ನಡೆಸುತ್ತೇನೆ. ಬೆಳಿಗ್ಗೆ ಇಡ್ಲಿ, ವಡೆ, ದೋಸೆ. ಮಧ್ಯಾಹ್ನಕ್ಕೆ ಅನ್ನ ಸಾಂಬಾರ್, ಪಲ್ಯ. ಅಪ್ಪನ ಕಾಲದಿಂದ ಇರುವ ಬಾಡಿಗೆ ಕಟ್ಟಡ. ಒಳಗಿನ ಅಡುಗೆಮನೆ ಎಷ್ಟು ಚೊಕ್ಕಟವಾಗಿದೆ ಅನ್ನುವುದು ಹೊರಗೆ ನಿಂತ ಗಿರಾಕಿಗೆ ಗೊತ್ತಾಗಬೇಕು, ಅದು ನನ್ನಂಥ ಸಣ್ಣವರಿಂದ ಹಿಡಿದು ದೊಡ್ಡ ಹೋಟೆಲಿನವರೆಗೆ ಎಲ್ಲರಿಗೂ ಕಡ್ಡಾಯ ಆಗಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಈಗ ಗಿರಾಕಿ ನೋಡುವುದು ಮೊಬೈಲಿನ ಸ್ಟಾರ್. ಅದು ರುಚಿಗೆ, ರೇಟಿಗೆ, ಬೇಗ ತಂದುಕೊಟ್ಟಿದ್ದಕ್ಕೆ ಜನ ಕೊಟ್ಟಿದ್ದು. ಒಳಗಿನ ಸಿಂಕ್ ಹೇಗಿದೆ, ನೀರಿನ ಟ್ಯಾಂಕ್ ಯಾವಾಗ ತೊಳೆದರು ಅಂತ ಆ ಸ್ಟಾರ್ ಹೇಳುವುದಿಲ್ಲ. ಗಲ್ಲಾದ ಹಿಂದೆ ನೇತುಹಾಕಿರುವ ಆಹಾರ ಸುರಕ್ಷತಾ ಪ್ರಾಧಿಕಾರದ ಪತ್ರ ನೋಡಿ ಸಮಾಧಾನ ಪಡುವವರೂ ಇದ್ದಾರೆ. ಬಿಲ್ಲಿನ ಮೇಲೆ ಇರುವ ಆ 14 ಅಂಕಿಯ ನಂಬರ್ ವ್ಯಾಪಾರ ಮಾಡಲು ಸಿಕ್ಕ ಪರವಾನಗಿ ಅಥವಾ ನೋಂದಣಿ ಅಷ್ಟೇ. ಅದರಲ್ಲಿ ಅಂಕ ಇಲ್ಲ. ಸಣ್ಣ ವ್ಯಾಪಾರದ ನೋಂದಣಿಯಂತೂ ಎಷ್ಟೋ ಸಲ ಯಾರೂ ಬಂದು ನೋಡದೆಯೇ ಸಿಗುತ್ತದೆ.

ಅಂಕ ಕೊಡುವ ಯೋಜನೆ ನಮ್ಮ ದೇಶದಲ್ಲೂ ಇದೆ. ಪ್ರಾಧಿಕಾರದ ಹೈಜೀನ್ ರೇಟಿಂಗ್ ಅದು. ಒಂದರಿಂದ ಐದರ ತನಕ ನಗುಮುಖದ ಚಿತ್ರ ಕೊಡುತ್ತಾರೆ. ಹೋಟೆಲ್, ಬೇಕರಿ, ಸ್ವೀಟ್ ಅಂಗಡಿ, ಮಾಂಸದ ಅಂಗಡಿ ಯಾರು ಬೇಕಾದರೂ ಅರ್ಜಿ ಹಾಕಬಹುದು. ಪ್ರಾಧಿಕಾರ ಒಪ್ಪಿದ ಏಜೆನ್ಸಿಯವರು ಬಂದು ಪಟ್ಟಿ ಹಿಡಿದು ತಪಾಸಣೆ ಮಾಡುತ್ತಾರೆ. ಯೋಜನೆ ಒಳ್ಳೆಯದೇ. ಆದರೆ ಇದು ಇಷ್ಟ ಇದ್ದವರಿಗೆ ಮಾತ್ರ. ಸಾಮಾನ್ಯವಾಗಿ ಖರ್ಚು ಹೋಟೆಲಿನವರದ್ದೇ. ಹಾಗಾಗಿ ಐದು ಸಿಗುತ್ತದೆ ಅನ್ನುವ ಧೈರ್ಯ ಇದ್ದವರು ಅರ್ಜಿ ಹಾಕುತ್ತಾರೆ, ಉಳಿದವರು ಸುಮ್ಮನಿರುತ್ತಾರೆ. ಬಾಗಿಲಲ್ಲಿ ಬೋರ್ಡ್ ಇಲ್ಲ ಅಂದರೆ ಒಳಗೆ ಗಲೀಜಿದೆಯೋ, ಅರ್ಜಿ ಹಾಕಿಲ್ಲವೋ ಗಿರಾಕಿಗೆ ತಿಳಿಯುವುದಾದರೂ ಹೇಗೆ? ಎರಡೇ ಎರಡು ನಗುಮುಖ ಇರುವ ಬೋರ್ಡನ್ನು ನಾನಂತೂ ಎಲ್ಲಿಯೂ ನೋಡಿಲ್ಲ.

ಬೇರೆ ರೀತಿ ಹೇಗೆ ಮಾಡಬಹುದು ಅನ್ನುವುದು ನನಗೆ ಗೊತ್ತಾಗಿದ್ದು ತಂಗಿ ಮಗಳಿಂದ. ಅವಳು ಬ್ರಿಟನ್ನಿನ ವೇಲ್ಸ್‌ನಲ್ಲಿದ್ದಾಳೆ, ಮನೆಯ ಅಡುಗೆಮನೆಯಲ್ಲೇ ದೋಸೆ, ಸಾಂಬಾರ್, ಚಿತ್ರಾನ್ನ ಮಾಡಿ ಮಾರುತ್ತಾಳೆ. ಅಲ್ಲಿ ಮನೆಯಿಂದ ಮಾರುವವರೂ ವ್ಯಾಪಾರ ಶುರುಮಾಡುವ 28 ದಿನ ಮೊದಲೇ ಸ್ಥಳೀಯ ಆಡಳಿತದಲ್ಲಿ ನೋಂದಣಿ ಮಾಡಿಸಬೇಕು. ಅದಕ್ಕೆ ಫೀಸ್ ಇಲ್ಲ. ಆಮೇಲೆ ಅಧಿಕಾರಿ ಬಂದು ನೋಡಿ 0ಯಿಂದ 5ರ ತನಕ ಅಂಕ ಕೊಡುತ್ತಾರೆ. 5 ಅಂದರೆ ತುಂಬಾ ಚೆನ್ನಾಗಿದೆ, 0 ಅಂದರೆ ತಕ್ಷಣ ಸರಿಮಾಡಬೇಕು. ಹಸಿರು ಕಪ್ಪು ಬಣ್ಣದ ಆ ಸ್ಟಿಕ್ಕರನ್ನು ಎಲ್ಲರಿಗೂ ಕಾಣುವ ಹಾಗೆ ಅಂಟಿಸಬೇಕು. 0 ಬಂದರೂ ಅಂಟಿಸಲೇಬೇಕು, ಇಲ್ಲದಿದ್ದರೆ ದಂಡ. ಫೋನ್ ಮಾಡಿ ‘ನಿಮ್ಮ ಅಂಕ ಎಷ್ಟು’ ಅಂತ ಕೇಳಿದರೂ ಹೇಳಬೇಕು.

ಅಧಿಕಾರಿ ಬಂದ ದಿನದ ವಿಷಯ ಅವಳು ಬಿಡಿಸಿ ಬಿಡಿಸಿ ಹೇಳಿದಳು. ಮೊದಲು ಕೈ ತೊಳೆಯಲು ಸೋಪು, ಬಿಸಿನೀರು ಇದೆಯಾ ನೋಡಿದರಂತೆ. ಫ್ರಿಜ್ ತೆಗೆದು ಒಳಗೆ ಥರ್ಮಾಮೀಟರ್ ಇಟ್ಟರು. ಅಲ್ಲಿ 8 ಡಿಗ್ರಿಗಿಂತ ಜಾಸ್ತಿ ಇರಬಾರದು. ಬಿಸಿಯಾಗಿ ಇಟ್ಟು ಬಡಿಸುವ ಸಾಂಬಾರ್ 63 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಆಮೇಲೆ ಅವರ ಕಣ್ಣು ಬಿದ್ದಿದ್ದು ದೋಸೆ ಹಿಟ್ಟಿನ ಮೇಲೆ. ‘ರಾತ್ರಿಯಿಡೀ ಹೊರಗೆ ಇಡುತ್ತೀರಾ?’ ಅಂತ ಕೇಳಿದರು. ಉದ್ದು ಅಕ್ಕಿ ರುಬ್ಬಿ ಹುಳಿ ಬರಿಸುವುದು ಹೇಗೆ, ಹುಳಿ ಬಂದ ಮೇಲೆ ಫ್ರಿಜ್ಜಿಗೆ ಯಾವಾಗ ಸೇರಿಸುತ್ತೇನೆ, ಕಾವಲಿ ಮೇಲೆ ಎಷ್ಟು ಚೆನ್ನಾಗಿ ಬೇಯುತ್ತದೆ ಅಂತ ಇವಳು ಹೇಳಿದಳು. ‘ಸರಿ, ಇದನ್ನೆಲ್ಲ ಬರೆದಿಟ್ಟಿದ್ದೀರಾ?’ ಅನ್ನುವುದು ಅವರ ಮುಂದಿನ ಪ್ರಶ್ನೆ. ಬರೆದಿಟ್ಟಿದ್ದಳು. ಚಿತ್ರಾನ್ನದ ಅನ್ನವನ್ನು ದೊಡ್ಡ ಪಾತ್ರೆಯಲ್ಲಿ ಬಿಡದೆ ಅಗಲ ತಟ್ಟೆಗೆ ಹರಡಿ ಬೇಗ ಆರಿಸುವುದು ಕೂಡ ಅದೇ ಪುಸ್ತಕದಲ್ಲಿತ್ತು. ಬೆಂದ ಅನ್ನವನ್ನು ಬೆಚ್ಚಗೆ ಹಾಗೇ ಬಿಟ್ಟರೆ ಬೇಯಿಸಿದಾಗಲೂ ಸಾಯದ ಒಂದು ಜಾತಿಯ ಬ್ಯಾಕ್ಟೀರಿಯ ಬೆಳೆದು ವಿಷ ಬಿಡುತ್ತದೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಮದುವೆ ಮನೆಯ ಅಡುಗೆ ಮಾಡುವವರೂ ತಿಳಿದಿರಬೇಕಾದ ಮಾತು ಇದು.

ಅವರು ಅಂಕ ಹಾಕುವ ರೀತಿ ನನಗೆ ತುಂಬಾ ಹಿಡಿಸಿತು. ಮೂರು ವಿಷಯ ನೋಡುತ್ತಾರೆ: ಆಹಾರವನ್ನು ಹೇಗೆ ಮಾಡುತ್ತಾರೆ, ಹೇಗೆ ಇಡುತ್ತಾರೆ ಅನ್ನುವುದು ಒಂದು. ಜಾಗ, ಗೋಡೆ, ಸಿಂಕ್, ಇಲಿ ಜಿರಲೆ ಬಾರದ ವ್ಯವಸ್ಥೆ ಇನ್ನೊಂದು. ನಾಳೆಯೂ, ನಾಡಿದ್ದೂ ಹೀಗೇ ನಡೆಯುತ್ತದೆ ಅನ್ನುವ ನಂಬಿಕೆ ಬರುವ ಹಾಗೆ ಉಸ್ತುವಾರಿ ಮತ್ತು ದಾಖಲೆ ಇದೆಯಾ ಅನ್ನುವುದು ಮೂರನೆಯದು. ಇಲ್ಲಿ ಹಾಕುವುದು ತಪ್ಪಿನ ಅಂಕ, ಕಡಿಮೆ ಇದ್ದಷ್ಟೂ ಒಳ್ಳೆಯದು. ಮೂರೂ ಸೇರಿ 15 ದಾಟಬಾರದು, ಯಾವ ಒಂದರಲ್ಲೂ 5 ದಾಟಬಾರದು, ಆಗ ಮಾತ್ರ ಬಾಗಿಲಿಗೆ 5 ಸಿಗುತ್ತದೆ. ಮೊದಲ ಎರಡರಲ್ಲಿ ಒಂದು ತಪ್ಪೂ ಇಲ್ಲ, ಉಸ್ತುವಾರಿಯಲ್ಲಿ ಮಾತ್ರ 20 ತಪ್ಪಿನ ಅಂಕ ಬಿತ್ತು ಅಂದುಕೊಳ್ಳಿ. ಅವರಿಗೆ ಸಿಗುವುದು ಬರೀ 1. ಟೈಲ್ಸ್ ಫಳಫಳ ಹೊಳೆಯುತ್ತಿದ್ದರೆ ಸಾಲದು, ಅಲ್ವಾ? ಅಧಿಕಾರಿ ಬಂದ ದಿನ ಮಾತ್ರ ತೊಳೆದು ತೋರಿಸುವವರಿಗೆ ಇದು ಸರಿಯಾದ ಉತ್ತರ.

ಇದರ ಹಿಂದೆ ದೊಡ್ಡ ನೋವಿನ ಕಥೆ ಇದೆ. 2005ರಲ್ಲಿ ದಕ್ಷಿಣ ವೇಲ್ಸ್‌ನ ಶಾಲೆಗಳಿಗೆ ಮಾಂಸ ಕೊಡುತ್ತಿದ್ದ ಒಬ್ಬ ವ್ಯಾಪಾರಿ, ಹಸಿ ಮಾಂಸಕ್ಕೂ ಬೆಂದ ಮಾಂಸಕ್ಕೂ ಒಂದೇ ಪ್ಯಾಕಿಂಗ್ ಯಂತ್ರ ಬಳಸಿದ. ಈ.ಕೋಲಿ ಅನ್ನುವ ಬ್ಯಾಕ್ಟೀರಿಯ ಹರಡಿ 150ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಐದು ವರ್ಷದ ಒಬ್ಬ ಹುಡುಗ ತೀರಿಕೊಂಡ. ಪ್ರೊಫೆಸರ್ ಹ್ಯೂ ಪೆನ್ನಿಂಗ್‌ಟನ್ ನೇತೃತ್ವದ ತನಿಖಾ ವರದಿ 2009ರಲ್ಲಿ ಬಂತು. 2013ರ ನವೆಂಬರ್‌ನಲ್ಲಿ ವೇಲ್ಸ್ ಈ ಅಂಕವನ್ನು ಬಾಗಿಲಲ್ಲಿ ಹಾಕುವುದನ್ನು ಕಡ್ಡಾಯ ಮಾಡಿತು, 2016ರಲ್ಲಿ ಉತ್ತರ ಐರ್ಲೆಂಡ್ ಕೂಡ. ಪಕ್ಕದ ಇಂಗ್ಲೆಂಡಿನಲ್ಲಿ ಅಂಕ ಕೊಡುತ್ತಾರೆ, ಆದರೆ ಅಂಟಿಸುವುದು ಅಂಗಡಿಯವರ ಇಷ್ಟ. ಕಡಿಮೆ ಬಂದವರು ಯಾಕೆ ಅಂಟಿಸುತ್ತಾರೆ ಹೇಳಿ!

ನಮ್ಮಲ್ಲಿ ಏನಾಗುತ್ತಿದೆ ನೋಡಿ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಯ ಬಣ್ಣ ಸುದ್ದಿಯಾಯಿತು. 2025ರ ಫೆಬ್ರುವರಿಯಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕುವುದು ಸುದ್ದಿಯಾಯಿತು. ಎರಡೂ ಸಲ ಸರ್ಕಾರ ನಿಷೇಧ ಹೇರಿತು, ಅದು ಸರಿಯೇ. ಆದರೆ ಒಂದೆರಡು ವಾರ ಗದ್ದಲ ಆಗಿ ಎಲ್ಲ ತಣ್ಣಗಾಯಿತು. ಆ ವಾರ ನನ್ನ ಹೋಟೆಲಿಗೆ ಬಂದವರು ಇಡ್ಲಿ ಹೇಳುವ ಮೊದಲು ‘ಬಟ್ಟೆನಾ, ಪ್ಲಾಸ್ಟಿಕ್ಕಾ’ ಅಂತ ಕೇಳುತ್ತಿದ್ದರು. ಒಳಗೆ ಕರೆದುಕೊಂಡು ಹೋಗಿ ಸ್ಟೀಮರ್ ತೆಗೆದು ತೋರಿಸಿದೆ. ದಿನವೂ ಬಟ್ಟೆ ಒಗೆದು, ಕುದಿಸಿ, ಬಿಸಿಲಿಗೆ ಹಾಕುವ ಹೆಂಗಸಿನ ಕೆಲಸಕ್ಕೆ ಅಂದು ಬೆಲೆ ಬಂತು. ಅಂಥ ಕೆಲಸಕ್ಕೆ ವರ್ಷವಿಡೀ ಬೆಲೆ ಸಿಗಲಿ ಅಂತಲೇ ನಾನು ಅಂಕ ಬೇಕು ಅನ್ನುತ್ತಿರುವುದು. ಕೆಲಸದವರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು, ಟೈಫಾಯ್ಡ್ ಲಸಿಕೆ ಹಾಕಿಸಬೇಕು ಅಂತ ನಮ್ಮ ನಿಯಮ ಈಗಲೇ ಹೇಳುತ್ತದೆ. ಮಾಡಿಸಿದವನಿಗೂ ಮಾಡಿಸದವನಿಗೂ ಹೊರಗೆ ವ್ಯತ್ಯಾಸ ಕಾಣುವುದಿಲ್ಲ.

ನನ್ನ ಹೋಟೆಲ್ ಗೆಳೆಯರ ಭಯ ನನಗೆ ಅರ್ಥವಾಗುತ್ತದೆ. ಹಳೇ ಕಟ್ಟಡ ಅಂತ ಅಂಕ ಕಡಿಮೆ ಮಾಡುತ್ತಾರಾ? ಅಂಕ ಜಾಸ್ತಿ ಬೇಕಾದರೆ ಕೈ ಬಿಸಿ ಮಾಡಬೇಕಾ? ಮೊದಲನೆಯದಕ್ಕೆ ನನ್ನ ಉತ್ತರ: ಹಳೇ ಗೋಡೆಯನ್ನೂ ಸುಣ್ಣ ಬಳಿದು, ಬಿರುಕು ಮುಚ್ಚಿ ಶುಚಿಯಾಗಿ ಇಡಬಹುದು. ಸೋಪು, ಮುಚ್ಚಳ, ಥರ್ಮಾಮೀಟರ್, ಒಂದು ನೋಟ್‌ಬುಕ್ಕಿಗೆ ದೊಡ್ಡ ಬಂಡವಾಳ ಬೇಡ. ಎರಡನೆಯ ಭಯ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಅದಕ್ಕೇ ವೇಲ್ಸ್‌ನಲ್ಲಿ ಇರುವಂತೆ ಮೇಲ್ಮನವಿಗೆ 21 ದಿನ ಕೊಡಬೇಕು. ಸರಿಮಾಡಿಕೊಂಡವರು ಮತ್ತೆ ತಪಾಸಣೆ ಕೇಳುವಂತಿರಬೇಕು. ಯಾವ ವಿಷಯಕ್ಕೆ ಎಷ್ಟು ಅಂಕ ಹೋಯಿತು ಅನ್ನುವುದು ಮೊಬೈಲಿನಲ್ಲಿ ಎಲ್ಲರಿಗೂ ಕಾಣಬೇಕು. ಎಲ್ಲರ ಕಣ್ಣೆದುರು ಇರುವ ಲೆಕ್ಕವನ್ನು ತಿದ್ದುವುದು ಕಷ್ಟ.

ಮುಖ್ಯವಾಗಿ ತಪಾಸಣೆಯ ಖರ್ಚು ಸರ್ಕಾರದ್ದಾಗಬೇಕು. ಹೇಳದೆ ಬರಬೇಕು. ಅದಕ್ಕೆ ತಾಲ್ಲೂಕುಗಳಲ್ಲಿ ಆಹಾರ ಸುರಕ್ಷತಾ ಅಧಿಕಾರಿಗಳು ಸಾಕಷ್ಟು ಬೇಕು. ಒಂದೇ ಸಲಕ್ಕೆ ಇಡೀ ರಾಜ್ಯದಲ್ಲಿ ಆಗುವುದಿಲ್ಲ ಅಂದರೆ ಬಸ್ ನಿಲ್ದಾಣ, ಆಸ್ಪತ್ರೆ, ಕಾಲೇಜು ಸುತ್ತಮುತ್ತಲಿನ ಹೋಟೆಲ್‌ಗಳಿಂದ ಶುರುಮಾಡಲಿ, ಹಾಸ್ಟೆಲ್ ಅಡುಗೆಮನೆಗಳನ್ನೂ ಸೇರಿಸಲಿ. ವೇಲ್ಸ್‌ನ ಸ್ಟಿಕ್ಕರ್ ವೆಲ್ಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ನಮ್ಮದರಲ್ಲಿ ಕನ್ನಡ ಮೊದಲು ಇರಲಿ. ಅಂಕದ ಕೆಳಗೆ ತಪಾಸಣೆ ಮಾಡಿದ ತಾರೀಖನ್ನು ಅಷ್ಟೇ ದೊಡ್ಡದಾಗಿ ಬರೆಯಲಿ. ಮೂರು ವರ್ಷದ ಹಿಂದಿನ ಐದನ್ನು ತೋರಿಸಿಕೊಂಡು ಯಾರೂ ಇವತ್ತಿನ ಊಟ ಮಾರುವಂತಾಗಬಾರದು.

ಇಂತಿ,
ಒಬ್ಬ ಹೋಟೆಲ್ ಮಾಲೀಕ, ಶಿವಮೊಗ್ಗ