ಇಷ್ಟದ ದಾರಿಗೆ ನವೆಂಬರ್‌ನಲ್ಲೇ ಅರ್ಜಿ

ಮಾನ್ಯರೇ,

ಪಿಯುಸಿ ಫಲಿತಾಂಶ ಬಂದ ವಾರ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಒಂದು ಉದಾರ ಮಾತು ಕೇಳಿಬರುತ್ತದೆ: ‘ನಿಂಗೆ ಇಷ್ಟ ಆಗಿದ್ದು ಓದಪ್ಪ, ನಾವೇನೂ ಅಡ್ಡ ಬರಲ್ಲ.’ ಮಾತು ಒಳ್ಳೆಯದೇ. ಆದರೆ ಚಿತ್ರ, ವಿನ್ಯಾಸದ ಕಡೆ ಒಲವಿರುವ ಮಗುವಿಗೆ ಈ ಅನುಮತಿ ಏಪ್ರಿಲ್‌ನಲ್ಲಿ ಸಿಕ್ಕರೆ ಕೆಲವು ಬಾಗಿಲು ಆಗಲೇ ಮುಚ್ಚಿರುತ್ತವೆ. ಐಐಟಿಗಳ ವಿನ್ಯಾಸ ಪದವಿಗೆ ಬೇಕಾದ ಪ್ರವೇಶ ಪರೀಕ್ಷೆ ಯುಸೀಡ್‌ಗೆ ಅಕ್ಟೋಬರ್–ನವೆಂಬರ್‌ನಲ್ಲಿ ಅರ್ಜಿ, ಜನವರಿಯಲ್ಲಿ ಪರೀಕ್ಷೆ. ಇರುವುದು ಎರಡೇ ಅವಕಾಶ, ಅದೂ ಸತತ ವರ್ಷಗಳಲ್ಲಿ. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯ ಪ್ರವೇಶ ಪರೀಕ್ಷೆಯ ಮೊದಲ ಸುತ್ತೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಮಕ್ಕಳನ್ನು ಕರೆದೊಯ್ದು ಸೆಲ್ಫಿ ತೆಗೆಯುವ ಪೋಷಕರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಸ್ವಾತಂತ್ರ್ಯ ಕೊಟ್ಟೆವು ಎನ್ನುವವರು ಕೊನೆಯ ದಿನಾಂಕವನ್ನೂ ತಿಳಿದು ಹೇಳಬೇಕಲ್ಲ!

‘ಡಿಸೈನ್ ಬೇಕಂದ್ರೂ ಸೈನ್ಸೇ ತಗೋ’ ಎಂದು ಎಸ್‌ಎಸ್‌ಎಲ್‌ಸಿ ಆದ ಕೂಡಲೇ ಪಿಸಿಎಂಸಿಗೆ (ಭೌತ, ರಸಾಯನ, ಗಣಿತ, ಕಂಪ್ಯೂಟರ್ ವಿಜ್ಞಾನ) ದೂಡುವುದೂ ತಪ್ಪು ಲೆಕ್ಕ. ಯುಸೀಡ್, ಎನ್‌ಐಡಿ, ಬಿಎಫ್‌ಎ (ಲಲಿತಕಲೆಯ ಪದವಿ) ಮೂರಕ್ಕೂ ಕಲಾ, ವಾಣಿಜ್ಯ, ವಿಜ್ಞಾನ ಯಾವುದಾದರೂ ಆದೀತು. ಗಣಿತ, ಭೌತಶಾಸ್ತ್ರ ಬೇಕೇ ಬೇಕು ಎನ್ನುವುದು ಆರ್ಕಿಟೆಕ್ಚರ್. ಅದರ ಆಸೆ ಇದ್ದರೆ ಮಾತ್ರ ಆ ಎರಡು ವಿಷಯ ಬಿಡಬಾರದು.

ಇನ್ನು ಮಕ್ಕಳು ಹೊತ್ತು ತರುವ ಚಿತ್ರಗಳ ಕಟ್ಟು, ಅಂದರೆ ಪೋರ್ಟ್‌ಫೋಲಿಯೊ. ಹತ್ತರಲ್ಲಿ ಎಂಟು ಹಾಳೆ ಮೊಬೈಲ್ ಫೋಟೊಗೆ ಚೌಕ ಎಳೆದು ನಕಲು ಮಾಡಿದ ಸಿನಿಮಾ ನಟರ ಮುಖ, ಹತ್ತಿಯಲ್ಲಿ ಉಜ್ಜಿ ನುಣುಪು ಮಾಡಿದ ಛಾಯೆ. ಹೋಲಿಕೆಯೇನೋ ಪಕ್ಕಾ. ಎದುರಿಗೊಂದು ಚೊಂಬು ಇಟ್ಟು ಬರೆ ಎಂದರೆ ಬಾಯಿಯ ಅಂಡಾಕಾರ ಒಂದು ಕಡೆಗೆ ವಾಲುತ್ತದೆ, ತಳ ಸ್ಕೇಲಿನಲ್ಲಿ ಎಳೆದ ಗೆರೆಯಾಗುತ್ತದೆ. ಮೇಜಿನ ಮೇಲಿರುವ ಚೊಂಬಿನ ತಳ ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿರುವುದರಿಂದ ಅದರ ಬಾಗು ಬಾಯಿಯ ಬಾಗಿಗಿಂತ ಹೆಚ್ಚಿರಬೇಕು. ಫೋಟೊದಲ್ಲಿ ಲೋಕವನ್ನು ಚಪ್ಪಟೆ ಮಾಡುವ ಕೆಲಸ ಕ್ಯಾಮೆರಾ ಮುಗಿಸಿರುತ್ತದೆ, ಅದನ್ನೇ ನಕಲು ಮಾಡಿದ ಕೈ ಆ ಕೆಲಸ ಕಲಿಯುವುದೇ ಇಲ್ಲ. ಪ್ರವೇಶ ಪರೀಕ್ಷೆಯ ವಸ್ತುಚಿತ್ರಣದಲ್ಲಿ ಬಣ್ಣ ಚೆನ್ನಾಗಿದ್ದೂ ಅಂಕ ಜಾರುವುದು ಇಲ್ಲೇ.

ಇದಕ್ಕೆ ದುಬಾರಿ ಕೋಚಿಂಗ್ ಬೇಕಿಲ್ಲ. ಗೆರೆಯಿಲ್ಲದ ಒಂದು ಎ4 ಪುಸ್ತಕ, 2ಬಿ ಮತ್ತು 4ಬಿ ಪೆನ್ಸಿಲ್, ದಿನಕ್ಕೆ ಅರ್ಧ ಗಂಟೆ, ಪ್ರಥಮ ಪಿಯುಸಿಯಿಂದಲೇ. ರಬ್ಬರ್ ಮನೆಯಲ್ಲೇ ಇರಲಿ. ಅದು ಜೇಬಿನಲ್ಲಿದ್ದರೆ ಕೈ ಗೆರೆ ಎಳೆಯುವುದಕ್ಕಿಂತ ಅಳಿಸುವುದೇ ಹೆಚ್ಚು. ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದ 8ನೇ ಕ್ರಾಸಿನಲ್ಲೋ ನಿಂತು, ಹೂ ಕಟ್ಟುವವರನ್ನು, ಮೂಟೆ ಇಳಿಸುವವರನ್ನು ತಲಾ ಎರಡು ನಿಮಿಷದಲ್ಲಿ ಬರೀ ಗೆರೆಯಲ್ಲಿ ಹಿಡಿಯಬೇಕು. ಮುಖ ಬಿಟ್ಟರೂ ಪರವಾಗಿಲ್ಲ, ಮೈಭಾರ ಯಾವ ಕಾಲಿನ ಮೇಲಿದೆ ಎಂಬುದು ಬರಬೇಕು. ಚಿತ್ರಗಳ ಕಟ್ಟಿನಲ್ಲಿ ಕೊನೆಗೆ 15 ಹಾಳೆ ಇದ್ದರೆ ಸಾಕು. ಅದರಲ್ಲಿ ಎರಡು ಮೂರು ಅರೆಬರೆ ಪ್ರಯತ್ನಗಳೂ ಇರಲಿ. ನೋಡುವವರಿಗೆ ಮಗು ಹೇಗೆ ಯೋಚಿಸುತ್ತದೆ ಎಂದು ತಿಳಿಯುವುದು ಅವುಗಳಿಂದಲೇ.

ಸೇರಿದ ಮೇಲೆ ‘ಇದು ನನ್ನದಲ್ಲ’ ಅನ್ನಿಸಿದರೆ? ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಅಧಿಸೂಚನೆಯಂತೆ, ಅದರ ವ್ಯಾಪ್ತಿಯ ಕಾಲೇಜುಗಳಲ್ಲಿ ಪದವಿ ಪ್ರವೇಶದ ಕೊನೆಯ ದಿನಕ್ಕೆ ಕನಿಷ್ಠ 15 ದಿನ ಮೊದಲು ಬಿಟ್ಟರೆ ಪೂರ್ತಿ ಶುಲ್ಕ ವಾಪಸು. ಸಂಸ್ಕರಣಾ ವೆಚ್ಚವೆಂದು ಕಡಿತ ಮಾಡಿದರೂ ಹೆಚ್ಚೆಂದರೆ ಶೇ 5, ಅದೂ 5,000 ರೂಪಾಯಿ ಮೀರುವಂತಿಲ್ಲ. ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80, ಅಲ್ಲಿಂದ 30ನೇ ದಿನದವರೆಗೆ ಶೇ 50, ಆಮೇಲೆ ಸೊನ್ನೆ. ಮೂಲ ಅಂಕಪಟ್ಟಿಯನ್ನು ಪರಿಶೀಲಿಸಿ ಹಿಂದಿರುಗಿಸಬೇಕು, ಒತ್ತೆ ಇಟ್ಟುಕೊಳ್ಳುವಂತಿಲ್ಲ. ಬಿಡುವ ಪತ್ರವನ್ನು ಬರಹದಲ್ಲೇ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿಗೆ ತಾರೀಖು ಇರುವುದಿಲ್ಲ.

ಪಿಯು ಕಾಲೇಜುಗಳಲ್ಲಿ ಸಿಇಟಿ, ನೀಟ್ ವೇಳಾಪಟ್ಟಿ ವರ್ಷಪೂರ್ತಿ ಗೋಡೆಯ ಮೇಲಿರುತ್ತದೆ. ಯುಸೀಡ್, ಎನ್‌ಐಡಿ, ನಾಟಾ (ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ), ಬಿಎಫ್‌ಎ ಪ್ರವೇಶದ ವಿವರವನ್ನೂ ಅದರ ಪಕ್ಕದಲ್ಲಿ, ಸೆಪ್ಟೆಂಬರ್ ಒಳಗೆ ಅಂಟಿಸುವಂತೆ ಪದವಿಪೂರ್ವ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಲಿ.

– ಚಿತ್ರಕಲಾ ಶಿಕ್ಷಕರು, ಬಸವನಗುಡಿ, ಬೆಂಗಳೂರು