ಹೊರದೇಶದಿಂದ ಕಾರು ತರಿಸುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಜಪಾನಿನ ಹರಾಜಿನಲ್ಲಿರುವ ಆ ಹಳೆಯ ಕಾರಿನ ಚಿತ್ರಗಳನ್ನೂ ಒಂದೊಂದಾಗಿ ನೋಡಿದೆ. ಅದರ ಮೇಲೆ ನಿನಗೆ ಮನಸ್ಸಾದದ್ದು ಸಹಜವೇ. ತರಿಸಲೋ ಬೇಡವೋ ಎಂದು ನೀನು ಕೇಳಿರುವುದಕ್ಕೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಕಾಸು ಉಳಿಯುತ್ತದೆ ಎಂಬುದಷ್ಟೇ ಕಾರಣವಾಗಿದ್ದರೆ ಖಂಡಿತ ಬೇಡ. ಅಂಥ ಕಾರು ನೀನಿರುವ ದೇಶದಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ, ಸಿಕ್ಕರೆ ಅದನ್ನು ಹತ್ತಾರು ವರ್ಷ ಜತನದಿಂದ ಇಟ್ಟುಕೊಳ್ಳುತ್ತೇನೆ ಎನ್ನುವುದಾದರೆ ಮಾತ್ರ ಮುಂದಿನ ಲೆಕ್ಕಾಚಾರಕ್ಕೆ ಅರ್ಥವಿದೆ.

ಈ ವಿಷಯದಲ್ಲಿ ಬಹಳಷ್ಟು ಜನ ಮೊದಲು ಕಾರನ್ನು ಮೆಚ್ಚಿ, ಮುಂಗಡ ಕೊಟ್ಟು, ಆಮೇಲೆ ಕಾನೂನು ಏನೆನ್ನುತ್ತದೆ ಎಂದು ವಿಚಾರಿಸಲು ಹೊರಡುತ್ತಾರೆ. ಕಾನೂನನ್ನು ಮೊದಲು ತಿಳಿದುಕೊಂಡರೆ ಅರ್ಧಕ್ಕರ್ಧ ಕಾರುಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ. ಅಮೆರಿಕದಲ್ಲಿ ಅಲ್ಲಿನ ಸುರಕ್ಷತಾ ಮಾನದಂಡಕ್ಕೆ ತಕ್ಕಂತೆ ತಯಾರಾಗದ ಕಾರನ್ನು ಹಾಗೆಯೇ ತರಬೇಕಾದರೆ ಅದಕ್ಕೆ 25 ವರ್ಷ ತುಂಬಿರಬೇಕು. ಹೊಗೆಯ ನಿಯಮ ಬೇರೆಯದೇ ಇಲಾಖೆಯದು, ಅದರ ವಿನಾಯಿತಿ 21 ವರ್ಷಕ್ಕೆ ಸಿಗುತ್ತದೆ. ಕೆನಡಾದಲ್ಲಿ 15 ವರ್ಷ ಸಾಕು. ಆಸ್ಟ್ರೇಲಿಯಾದಲ್ಲಿ ಮೊದಲು 1989ಕ್ಕಿಂತ ಹಿಂದಿನ ಕಾರು ಎಂಬ ಸ್ಥಿರವಾದ ಗಡಿಯಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾನೂನು ಅದನ್ನು ವರ್ಷದಿಂದ ವರ್ಷಕ್ಕೆ ಮುಂದೆ ಸರಿಯುವ 25 ವರ್ಷದ ಲೆಕ್ಕವಾಗಿ ಬದಲಿಸಿತು. ಇದಕ್ಕೆ ತದ್ವಿರುದ್ಧವಾಗಿ, ಕೀನ್ಯಾದಲ್ಲಿ 8 ವರ್ಷ ದಾಟಿದ ಕಾರಿಗೆ ಪ್ರವೇಶವಿಲ್ಲ. ಭಾರತದ ಸಾಮಾನ್ಯ ನಿಯಮದಂತೆ ಬಳಸಿದ ಕಾರು 3 ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆಯೇ ಇರಬೇಕು. ಹೀಗೆ ಒಂದು ಬಂದರಿನಲ್ಲಿ ತೀರ ಹೊಸದಾಯಿತು ಎಂದು ತಡೆಹಿಡಿಯುವ ಕಾರನ್ನೇ ಇನ್ನೊಂದು ಬಂದರಿನಲ್ಲಿ ತೀರ ಹಳೆಯದಾಯಿತು ಎಂದು ಹಿಂದಕ್ಕೆ ಕಳಿಸುತ್ತಾರೆ.

ವಯಸ್ಸನ್ನು ಎಲ್ಲಿಂದ ಎಣಿಸುತ್ತಾರೆ ಎಂಬುದನ್ನೂ ಗಮನಿಸು. ಅಮೆರಿಕದಲ್ಲಿ ಕಾರು ತಯಾರಾದ ದಿನಾಂಕದಿಂದ ಎಣಿಸುತ್ತಾರೆ, ಆದರೆ ಜಪಾನಿನ ದಾಖಲೆಗಳಲ್ಲಿ ನಿನಗೆ ಕಾಣುವುದು ಮೊದಲ ಸಲ ನೋಂದಣಿಯಾದ ತಿಂಗಳು. ಎರಡರ ನಡುವೆ ಕೆಲವು ತಿಂಗಳುಗಳ ಅಂತರವಿರುವುದುಂಟು, ವಯಸ್ಸಿನ ಗಡಿಯಂಚಿನಲ್ಲಿರುವ ಕಾರಿನ ಹಣೆಬರಹವನ್ನು ಬರೆಯುವುದು ಆ ಅಂತರವೇ. ಇನ್ನು ನಿಯಮಗಳೆಲ್ಲ ಕಾರು ಬಂದು ಇಳಿಯುವವರೆಗೂ ಹಾಗೆಯೇ ಇರುತ್ತವೆ ಎಂಬ ಭರವಸೆಯೂ ಇಲ್ಲ. ಶ್ರೀಲಂಕಾ 2020ರ ಮಾರ್ಚಿನಲ್ಲಿ ವಾಹನಗಳ ಆಮದನ್ನೇ ನಿಲ್ಲಿಸಿತು. ಖಾಸಗಿ ಕಾರುಗಳಿಗೆ ಬಾಗಿಲು ಮತ್ತೆ ತೆರೆದದ್ದು 2025ರಲ್ಲಿ.

ಹಣದ ಮಾತಿಗೆ ಬರುತ್ತೇನೆ. ಹರಾಜಿನ ಬೆಲೆ ನೋಡಿ ನಿನಗೆ ಇಷ್ಟು ಅಗ್ಗವೇ ಎನಿಸಿದೆ. ಆದರೆ ಹೆಚ್ಚಿನ ದೇಶಗಳಲ್ಲಿ ಸುಂಕ ಬೀಳುವುದು ಕಾರಿನ ಬೆಲೆಯೊಂದರ ಮೇಲಲ್ಲ, ಹಡಗಿನ ಬಾಡಿಗೆ ಮತ್ತು ಸಾಗಣೆಯ ವಿಮೆ ಸೇರಿದ ಒಟ್ಟು ಮೊತ್ತದ ಮೇಲೆ. ಆ ಸುಂಕವನ್ನೂ ಕೂಡಿಸಿಕೊಂಡು ಬಂದ ಮೊತ್ತದ ಮೇಲೆ ಮತ್ತೆ ಮಾರಾಟ ತೆರಿಗೆ. ಕಾರಿಗೆ 100, ಹಡಗು ಮತ್ತು ವಿಮೆಗೆ 20, ಸುಂಕ ನೂರಕ್ಕೆ 10, ತೆರಿಗೆ ನೂರಕ್ಕೆ 20 ಎಂದಿಟ್ಟುಕೊ. 120ರ ಮೇಲೆ ಸುಂಕ ಸೇರಿ 132 ಆಗುತ್ತದೆ, ಅದರ ಮೇಲೆ ತೆರಿಗೆ ಸೇರಿ 158 ದಾಟುತ್ತದೆ. ಕಾರಿನ್ನೂ ಬಂದರಿನ ಗೇಟು ದಾಟಿಲ್ಲ ಎಂಬುದು ನೆನಪಿರಲಿ. ಹಲವು ದೇಶಗಳ ಕಸ್ಟಮ್ಸ್ ನೀನು ತೋರಿಸುವ ಬಿಲ್ಲನ್ನು ಒಪ್ಪುವುದೇ ಇಲ್ಲ. ತಮ್ಮದೇ ಕೋಷ್ಟಕದಲ್ಲಿರುವ ಬೆಲೆಗೆ ಸವಕಳಿ ಕಳೆದು ಲೆಕ್ಕ ಹಾಕುತ್ತದೆ, ಆಗ ಹರಾಜಿನಲ್ಲಿ ಅಗ್ಗವಾಗಿ ಸಿಕ್ಕಿತೆಂಬ ಲಾಭವೂ ಕರಗುತ್ತದೆ. ಕಾಗದಪತ್ರದಲ್ಲಿ ಒಂದು ಅಕ್ಷರ ತಪ್ಪಿ ಕ್ಲಿಯರಿಂಗ್ ತಡವಾದರೆ ಬಂದರಿನ ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತ ಹೋಗುತ್ತದೆ.

ಇಷ್ಟೆಲ್ಲ ಆದಮೇಲೂ ಕಾರಿನ ಬಗ್ಗೆ ನಿನಗೆ ಆಸೆ ಉಳಿದಿದ್ದರೆ, ಚಿತ್ರಗಳನ್ನು ಬದಿಗಿಟ್ಟು ಹರಾಜಿನ ತಪಾಸಣಾ ಹಾಳೆಯನ್ನು ಮುಂದಿಟ್ಟುಕೊ. ಜಪಾನಿನ ಹರಾಜುಗಳಲ್ಲಿ ನಾನು ಬಹಳ ಮೆಚ್ಚುವುದು ಈ ಒಂದು ಹಾಳೆಯನ್ನು. ಅದರಲ್ಲಿ ಕಾರಿನ ಒಟ್ಟಾರೆ ದರ್ಜೆ ಇರುತ್ತದೆ: 4.5 ಎಂದರೆ ಬಹಳ ಚೆನ್ನಾಗಿದೆ, 3.5 ಎಂದರೆ ಕಣ್ಣಿಗೆ ಕಾಣುವಷ್ಟು ಸವೆದಿದೆ, ಅಂಕಿಯ ಬದಲು ‘ಆರ್’ ಎಂದಿದ್ದರೆ ಅಪಘಾತವಾಗಿ ರಿಪೇರಿಯಾದದ್ದು. ಇನ್ನೊಂದು ಕಡೆ ಕಾರನ್ನು ಬಿಡಿಸಿಟ್ಟಂತೆ ಒಂದು ರೇಖಾಚಿತ್ರ. ಬಾಗಿಲ ಮೇಲೆ ‘ಎ1’ ಎಂದಿದ್ದರೆ ಸಣ್ಣ ಗೀರು, ‘ಯು2’ ಎಂದಿದ್ದರೆ ಅದಕ್ಕಿಂತ ಎದ್ದು ಕಾಣುವ ನೆಗ್ಗು, ‘ಡಬ್ಲ್ಯೂ’ ಎಂದರೆ ಅಲ್ಲಿ ರಿಪೇರಿಯಾಗಿ ಬಣ್ಣ ಬಳಿದಿದೆ, ‘ಎಸ್’ ಎಂದರೆ ತುಕ್ಕು, ‘ಎಕ್ಸ್‌ಎಕ್ಸ್’ ಎಂದರೆ ಆ ಭಾಗವನ್ನೇ ಬದಲಿಸಿದ್ದಾರೆ. ಬೋನೆಟ್, ಎರಡೂ ಮುಂದಿನ ಫೆಂಡರ್‌ಗಳು ಹೀಗೆ ಒಂದೇ ಕಡೆಯ ಭಾಗಗಳೆಲ್ಲ ಬದಲಾಗಿದ್ದರೆ ಮುಂಭಾಗಕ್ಕೆ ಜೋರು ಪೆಟ್ಟು ಬಿದ್ದಿರಬೇಕು ಎಂಬುದನ್ನು ನೀನೇ ಓದಿಕೊಳ್ಳಬಹುದು. ಕೆಳಗೆ ತಪಾಸಣೆ ಮಾಡಿದವರು ಕೈಯಲ್ಲಿ ಗೀಚಿದ ಜಪಾನಿ ಟಿಪ್ಪಣಿಗಳಿರುತ್ತವೆ. ಎಂಜಿನ್ನಿನ ಸದ್ದು, ಆಯಿಲ್ ಸೋರಿಕೆ, ಮೀಟರಿನ ಬಗೆಗಿನ ಅನುಮಾನ ಎಲ್ಲವೂ ಅಡಗಿರುವುದು ಅಲ್ಲಿ. ಮಾರುವವನು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಎರಡು ಸಾಲಿನ ಸಾರಾಂಶವನ್ನು ನಂಬಬೇಡ. ಜಪಾನಿ ಬಲ್ಲವರಿಂದ ಪೂರ್ತಿ ಓದಿಸು. ಕಾರು ಓಡಿದ್ದು ಯಾವ ಪ್ರಾಂತ್ಯದಲ್ಲಿ ಎಂದೂ ಕೇಳು. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಕಡೆ ಓಡಿದ ಕಾರು ಮೇಲೆ ಫಳಫಳ ಹೊಳೆಯುತ್ತಿದ್ದರೂ ತಳ ತುಕ್ಕು ಹಿಡಿದಿರುತ್ತದೆ, ಆದ್ದರಿಂದ ತಳದ ಚಿತ್ರವನ್ನು ಬೇರೆಯಾಗಿಯೇ ತರಿಸಿಕೊಳ್ಳಬೇಕು.

ಸಮುದ್ರದ ದಾರಿಯ ಬಗ್ಗೆ ಎರಡು ಮಾತು. ಓಡಿಸಿಕೊಂಡೇ ಹತ್ತಿಸುವ ಕಾರು ಹಡಗು ಅಗ್ಗ, ಕಂಟೇನರ್ ದುಬಾರಿ ಆದರೆ ಹೆಚ್ಚು ಭದ್ರ. ಯಾವುದಾದರೂ ಸರಿ, ವಿಮೆಯಿಲ್ಲದೆ ಮಾತ್ರ ಕಳಿಸಬೇಡ. 2022ರ ಫೆಬ್ರವರಿಯಲ್ಲಿ ಫೆಲಿಸಿಟಿ ಏಸ್ ಎಂಬ ಹಡಗಿಗೆ ಅಜೋರ್ಸ್ ದ್ವೀಪಗಳ ಹತ್ತಿರ ಬೆಂಕಿ ಬಿದ್ದು, ಸುಮಾರು 4,000 ಕಾರುಗಳೊಂದಿಗೆ ಅದು ಮಾರ್ಚ್ 1ರಂದು ಮುಳುಗಿತು. ಕಡಲ ಕಾನೂನಿನ ಒಂದು ಹಳೆಯ ಕಟ್ಟಳೆಯನ್ನು ಹೆಚ್ಚಿನವರು ಕೇಳಿಯೇ ಇರುವುದಿಲ್ಲ: ಹಡಗನ್ನು ಉಳಿಸುವುದಕ್ಕೆಂದು ಯಾರದೋ ಸರಕನ್ನು ಬಲಿಕೊಟ್ಟರೆ, ಅಥವಾ ಅದಕ್ಕಾಗಿ ವಿಶೇಷ ಖರ್ಚು ಮಾಡಿದರೆ, ಆ ನಷ್ಟವನ್ನು ಹಡಗಿನ ಮಾಲೀಕರೂ ಸರಕಿನ ಮಾಲೀಕರೆಲ್ಲರೂ ಹಂಚಿಕೊಳ್ಳಬೇಕು. ನಿನ್ನ ಕಾರಿಗೆ ಗೀರೂ ಆಗದಿದ್ದರೂ ನಿನ್ನ ಪಾಲು ಕಟ್ಟುವವರೆಗೆ, ಇಲ್ಲವೇ ಅದಕ್ಕೆ ಭದ್ರತೆ ಕೊಡುವವರೆಗೆ, ಅದು ಕೈಗೆ ಬರುವುದಿಲ್ಲ. ವಿಮೆ ಇದನ್ನೂ ಭರಿಸುತ್ತದೆಯೇ, ಇಲ್ಲ ಪೂರ್ತಿ ನಷ್ಟಕ್ಕೆ ಮಾತ್ರವೇ ಎಂಬುದನ್ನು ಸಹಿ ಹಾಕುವ ಮೊದಲೇ ಓದಿಕೊ.

ನನಗೆ ನಿಜವಾಗಿ ಚಿಂತೆಯಿರುವುದು ಕಾರು ಮನೆಗೆ ಬಂದ ನಂತರದ ದಿನಗಳ ಬಗ್ಗೆ. ವಾಹನಗಳು ಎಡಗಡೆ ಸಾಗುವ ದೇಶಕ್ಕೆಂದು ಮಾಡಿದ ಹೆಡ್‌ಲೈಟು ಡಿಮ್ ಮಾಡಿದಾಗಲೂ ಎಡಬದಿಗೆ ಸ್ವಲ್ಪ ಮೇಲಕ್ಕೆ ಬೆಳಕು ಚೆಲ್ಲುತ್ತದೆ. ಬಲಗಡೆ ಸಾಗುವ ದೇಶದಲ್ಲಿ ಆ ಬೆಳಕು ಎದುರು ಬರುವವನ ಕಣ್ಣಿಗೇ ಹೊಡೆಯುವುದರಿಂದ ದೀಪಗಳನ್ನು ಬದಲಿಸಲೇಬೇಕು. ಜಪಾನಿನಲ್ಲೇ ಮಾರಲೆಂದು ಮಾಡಿದ ಕಾರುಗಳಿಗೆ ಬೇರೆ ಕಡೆಗಳಲ್ಲಿರುವ 17 ಅಕ್ಷರಗಳ ಗುರುತು ಸಂಖ್ಯೆ ಇಲ್ಲ, ಅದಕ್ಕಿಂತ ಚಿಕ್ಕದಾದ ಚಾಸಿ ನಂಬರ್ ಇರುತ್ತದೆ. ವಿಮಾ ಕಂಪನಿಯ ಮತ್ತು ಬಿಡಿಭಾಗದ ಅಂಗಡಿಯ ಕಂಪ್ಯೂಟರುಗಳು ಅದನ್ನು ಒಪ್ಪದೆ ಸತಾಯಿಸುತ್ತವೆ. ತಕಾಟಾ ಎಂಬ ತಯಾರಕರ ಏರ್‌ಬ್ಯಾಗುಗಳಲ್ಲಿದ್ದಂಥ ಪ್ರಾಣಾಪಾಯದ ದೋಷಕ್ಕೆ ಕಾರಿನ ಕಂಪನಿಯು ಕಾರುಗಳನ್ನು ವಾಪಸು ಕರೆದಾಗ, ಬೇರೆ ದೇಶದಿಂದ ಬಂದ ಕಾರಿನ ಮಾಲೀಕನಿಗೆ ಪತ್ರವೇ ಬರದೆ ಹೋಗಬಹುದು. ಹಾಗಾಗಿ ಏರ್‌ಬ್ಯಾಗು ಬದಲಾಗಿದೆಯೇ ಎಂಬುದನ್ನು ಹಡಗು ಹತ್ತುವ ಮುನ್ನವೇ ಚಾಸಿ ನಂಬರಿನಿಂದ ಪರೀಕ್ಷಿಸು. ಜಪಾನಿನಲ್ಲಿ ಉಚಿತವಾಗಿ ಆಗುವ ಕೆಲಸ ನೀನಿರುವ ದೇಶಕ್ಕೆ ಬಂದಮೇಲೆ ಆಗುತ್ತದೆಂದು ಹೇಳಲಾಗದು. ಎಲೆಕ್ಟ್ರಿಕ್ ಕಾರಿನ ಯೋಚನೆಯನ್ನೂ ನೀನು ಪ್ರಸ್ತಾಪಿಸಿದ್ದೀಯ. ವೇಗವಾಗಿ ಚಾರ್ಜ್ ಮಾಡಲು ಜಪಾನಿನ ಕಾರಿನಲ್ಲಿ ಸಾಮಾನ್ಯವಾಗಿ ಇರುವುದು ಚಾಡೆಮೊ ಎಂಬ ಬಗೆಯ ಪ್ಲಗ್, ಯುರೋಪಿನಲ್ಲಿ ಸಿಸಿಎಸ್2 ಎಂಬುದು, ಚೀನಾದಲ್ಲಿ ಬೇರೆಯೇ. ನೀನಿರುವ ಕಡೆಯ ಫಾಸ್ಟ್ ಚಾರ್ಜರುಗಳಲ್ಲಿ ಆ ಪ್ಲಗ್ ಇಲ್ಲದಿದ್ದರೆ ಅದರ ಆಸೆ ಬಿಡು.

ಇಷ್ಟು ಓದಿದ ಮೇಲೆ ನಾನು ಬೇಡವೆನ್ನುತ್ತಿದ್ದೇನೆ ಎಂದು ತಿಳಿಯಬೇಡ. ನಿನ್ನ ಪತ್ರದಲ್ಲಿರುವ ಕಾರು ನೀನಿರುವ ದೇಶದಲ್ಲಿ ಎಂದೂ ಮಾರಾಟಕ್ಕೆ ಬಂದದ್ದಲ್ಲ, ಅದರ ಎಂಜಿನ್ ಮಾತ್ರ ಅಲ್ಲಿ ಮಾರಿದ ಇನ್ನೊಂದು ಮಾದರಿಯದೇ ಎಂದು ಬರೆದಿದ್ದೀಯ. ಅದು ನಿಜವಾಗಿದ್ದರೆ ಫಿಲ್ಟರು, ಬೆಲ್ಟು, ಗ್ಯಾಸ್ಕೆಟ್ಟುಗಳ ಚಿಂತೆ ಬಹುಮಟ್ಟಿಗೆ ನೀಗುತ್ತದೆ. ಕಷ್ಟವಾಗುವುದು ಗಾಜು, ದೀಪ, ಬಂಪರುಗಳಂಥ ಹೊರಭಾಗಗಳು ಒಡೆದಾಗ. ಆದ್ದರಿಂದ ಮುಂಗಡ ಕಳಿಸುವ ಮೊದಲು ನೋಂದಣಿ ಕಚೇರಿಯಿಂದ ಮತ್ತು ಒಂದು ವಿಮಾ ಕಂಪನಿಯಿಂದ, ಈ ಚಾಸಿ ನಂಬರಿನ ಈ ಕಾರನ್ನೇ ಹೆಸರಿಸಿ, ಒಪ್ಪುತ್ತೇವೆ ಎಂಬ ಉತ್ತರವನ್ನು ಬರಹದಲ್ಲಿ ತರಿಸಿಕೊ. ತಪಾಸಣಾ ಹಾಳೆಯ ಸ್ಪಷ್ಟವಾದ ಪ್ರತಿಯನ್ನೂ ತಳದ ಚಿತ್ರಗಳನ್ನೂ ನನಗೆ ಕಳಿಸು, ಕೂತು ನೋಡುತ್ತೇನೆ. ಹರಾಜು ಈ ವಾರವೇ ಮುಗಿಯುತ್ತದೆ ಎಂದು ಏಜೆಂಟ್ ಅವಸರ ಮಾಡಿದರೆ ಮುಗಿಯಲಿ ಬಿಡು, ಅಂಥದೇ ಕಾರು ಮುಂದೆಯೂ ಹರಾಜಿಗೆ ಬರುತ್ತದೆ.

ಇಂತಿ,
ನಿನ್ನ ಗೆಳೆಯ